ಈ ವಾರ ಏನು ಬಂದಿದೆ ಅಂತ ಕೇಳಿ

ಬಯಲುಸೀಮೆಯಿಂದ ಶಿವಮೊಗ್ಗಕ್ಕೆ ಕೆಲಸಕ್ಕೆ ಬಂದಿದ್ದೀರಿ. ಜೂನ್‌ನಿಂದ ಹಿಡಿದ ಮಳೆ ಬಿಡುತ್ತಿಲ್ಲ, ಸಂಜೆ ರೂಮಿನಲ್ಲಿ ಕೂತು ಕೂತು ಬೇಜಾರು. "ದುಡ್ಡು ಸುರಿಯದೆ ಇಲ್ಲಿನವರು ದಿನಾ ಯಾವುದರಲ್ಲಿ ಖುಷಿ ಪಡ್ತೀರಿ?" ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯ ಹಳ್ಳಿಯವನು, ಈಗ ಸಂಸಾರ ಶಿವಮೊಗ್ಗದಲ್ಲಿ. ನಿಮ್ಮ ಪ್ರಶ್ನೆ ನೋಡಿ ಉತ್ತರ ಬರೆಯದೆ ಇರಲು ಆಗಲಿಲ್ಲ.

ನಮ್ಮ ಖುಷಿಗಳೆಲ್ಲ ಮಳೆಯ ಲೆಕ್ಕದಲ್ಲಿ ಬರುತ್ತವೆ. ವಾರಕ್ಕೊಂದು ಏನೋ ಬರುತ್ತದೆ, ನಾಲ್ಕು ದಿನ ಇದ್ದು ಹೋಗುತ್ತದೆ. ಆಮೇಲೆ ಎಷ್ಟು ದುಡ್ಡು ಕೊಟ್ಟರೂ ಮುಂದಿನ ವರ್ಷದವರೆಗೆ ಸಿಗುವುದಿಲ್ಲ. ಆಫೀಸಿನಲ್ಲಿ ಹಳ್ಳಿ ಕಡೆಯವರು ಯಾರಾದರೂ ಇದ್ದೇ ಇರುತ್ತಾರೆ. "ಈ ವಾರ ಏನು ಬಂದಿದೆ?" ಅಂತ ಅವರನ್ನು ಕೇಳಿ. ಮಾತು ತಾನಾಗಿ ಶುರುವಾಗುತ್ತದೆ.

ಅಮ್ಮ ಫೋನಿನಲ್ಲಿ ಜೂನ್, ಜುಲೈ ಅನ್ನುವುದೇ ಇಲ್ಲ. ಮಳೆ ನಕ್ಷತ್ರದ ಹೆಸರೇ ಅವರ ಕ್ಯಾಲೆಂಡರ್. ಜೂನ್ 7-8ರ ಹೊತ್ತಿಗೆ ಮೃಗಶಿರ, 21-22ರ ಹೊತ್ತಿಗೆ ಆರಿದ್ರೆ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ. ಒಂದೊಂದು ಮಳೆಗೆ 13-14 ದಿನ. "ಪುನರ್ವಸು ಚೆನ್ನಾಗಿ ಹಿಡಿದಿದೆ ಕಣೋ, ಮರಕೆಸು ಬಂದಿದೆ, ಭಾನುವಾರ ಬರ್ತೀಯೇನೋ?" ಅಂದರೆ ಮುಗಿಯಿತು, ನಾನು ಬಸ್ಸು ಹತ್ತಿದೆ ಅಂತಲೇ ಲೆಕ್ಕ.

ಮರಕೆಸುವಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಇದು ನೆಲದ ಕೆಸುವಲ್ಲ. ಹಲಸು, ಮಾವಿನಂಥ ದೊಡ್ಡ ಮರಗಳ ಕವಲಿನಲ್ಲಿ, ಪಾಚಿ ಹಿಡಿದ ಕಡೆ ಹುಟ್ಟುತ್ತದೆ. ಬೇಸಿಗೆಯಿಡೀ ಅಲ್ಲಿ ಏನೂ ಕಾಣುವುದಿಲ್ಲ. ಮಳೆ ಕೂತ ಮೇಲೆ ಎಲೆ ಬಿಚ್ಚುತ್ತದೆ. ಅದನ್ನು ತರಲು ಮನೆ ಹಿಂದಿನ ಗುಡ್ಡ ಹತ್ತಬೇಕು. ಮಳೆ ಹೊಳವಾದಾಗ ಹೊರಟರೆ ಬರುವಷ್ಟರಲ್ಲಿ ಮತ್ತೆ ಹಿಡಿದಿರುತ್ತದೆ. ಕಾಲಿಗೆ ಉಂಬಳ, ಅಂದರೆ ಜಿಗಣೆ, ಹತ್ತುತ್ತದೆ, ಸುಣ್ಣ ಮುಟ್ಟಿಸಿದರೆ ಬಿಡುತ್ತದೆ. ನನಗೆ ಜಿಮ್ ಅಂದರೆ ಇದೇ. ಗುಡ್ಡ ಹತ್ತಿ ಇಳಿದು, ನೆಂದು ಬಂದು, ಬಿಸಿನೀರು ಹೊಯ್ದುಕೊಂಡ ಮೇಲಿನ ಹಸಿವು ಶಿವಮೊಗ್ಗದಲ್ಲಿ ನನಗೆ ಯಾವತ್ತೂ ಆಗಿಲ್ಲ.

ಆ ಎಲೆಯಿಂದ ಪತ್ರೊಡೆ ಮಾಡುವಾಗ ಅಮ್ಮನ ಪಕ್ಕ ಕೂರುವುದು ನನಗೆ ತಿನ್ನುವಷ್ಟೇ ಇಷ್ಟ. ನೆನೆಸಿದ ಅಕ್ಕಿ, ಒಣಮೆಣಸು, ಕೊತ್ತಂಬರಿ, ಜೀರಿಗೆ, ತೆಂಗಿನ ತುರಿ, ಹುಣಸೆಹಣ್ಣು, ಬೆಲ್ಲ ಎಲ್ಲ ಸೇರಿಸಿ ಗಟ್ಟಿಯಾಗಿ ರುಬ್ಬುತ್ತಾರೆ. ಎಲೆಯನ್ನು ಮಗುಚಿ ಹಾಸಿ, ದಪ್ಪ ನಾರನ್ನು ಚಾಕುವಿನಲ್ಲಿ ಸವರಿ ತೆಗೆದು, ಬೆನ್ನಿಗೆ ಹಿಟ್ಟು ಹಚ್ಚುತ್ತಾರೆ. ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು. ಐದಾರು ಎಲೆಯಾದ ಮೇಲೆ ಎರಡೂ ಬದಿ ಮಡಚಿ, ಬಿಗಿಯಾಗಿ ಸುತ್ತಿ, ಹಬೆಯಲ್ಲಿ ಇಡುತ್ತಾರೆ. ಅವತ್ತೇ ಬಿಸಿಬಿಸಿ ತಿನ್ನುವವರಿದ್ದಾರೆ. ನನ್ನನ್ನು ಕೇಳಿದರೆ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಬಿಲ್ಲೆ ಬಿಲ್ಲೆ ಕತ್ತರಿಸಿ, ಕಾವಲಿ ಮೇಲೆ ಕೊಬ್ಬರಿ ಎಣ್ಣೆ ಬಿಟ್ಟು, ಅಂಚು ಗರಿಯಾಗುವವರೆಗೆ ಕಾಯಿಸಬೇಕು. ಅದಕ್ಕೆ ಚಟ್ನಿ ಏನೂ ಬೇಡ.

ನೀವು ಮಾಡುವುದಾದರೆ ಹುಣಸೆಹಣ್ಣಿನಲ್ಲಿ ಮಾತ್ರ ಜಿಪುಣತನ ಬೇಡ. ಕೆಸುವಿನಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ಗಂಟಲು ಕೆರೆಯುವುದು ಅದರಿಂದ. ಹುಳಿ ಸರಿಯಾಗಿ ಬಿದ್ದು, ಚೆನ್ನಾಗಿ ಬೆಂದರೆ ಆ ತೊಂದರೆ ಇರುವುದಿಲ್ಲ. ಕಳಲೆಯೂ ಹಾಗೆ. ಬಿದಿರಿನ ಎಳೆ ಮೊಳಕೆ ಮಾರ್ಕೆಟ್ಟಿಗೆ ಬಂದಾಗ ತಂದು, ಹೆಚ್ಚಿ, ದಿನಾ ನೀರು ಬದಲಿಸುತ್ತಾ ಮೂರು ದಿನ ನೆನೆಸಬೇಕು. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ, ಆ ನೀರನ್ನು ಬಳಸದೆ ಚೆಲ್ಲಬೇಕು. ಆಮೇಲೆ ಬೇಯಿಸಿ ಪಲ್ಯ ಮಾಡಿ, ಹೆಸರುಕಾಳು ಸೇರಿಸಿದರೆ ಇನ್ನೂ ರುಚಿ.

ಚಿಕ್ಕವರಿದ್ದಾಗ ಮಳೆಗಾಲದ ಸಂಜೆ ನಾವೆಲ್ಲ ಸೇರುತ್ತಿದ್ದದ್ದು ಬಚ್ಚಲ ಒಲೆ ಮುಂದೆ. ಹಂಡೆಯಲ್ಲಿ ನೀರು ಕಾಯುತ್ತಿರುತ್ತಿತ್ತು, ಮೇಲೆ ಹಗ್ಗದಲ್ಲಿ ಒಣಗದ ಬಟ್ಟೆಗಳು. ಬೇಸಿಗೆಯಲ್ಲಿ ತಿಂದ ಹಲಸಿನ ಬೀಜಕ್ಕೆ ಅಜ್ಜಿ ಕೆಮ್ಮಣ್ಣು ಮೆತ್ತಿ ಒಣಗಿಸಿ ಇಟ್ಟಿರುತ್ತಿದ್ದರು. ಆರಿದ್ರೆ ಮಳೆ ಬರುವವರೆಗೆ ಒಂದು ಬೀಜ ಮುಟ್ಟಲು ಬಿಡುತ್ತಿರಲಿಲ್ಲ. ಆಮೇಲೆ ದಿನಕ್ಕೊಂದು ಹಿಡಿ ತೊಳೆದು ಕೆಂಡದ ಬೂದಿಯಲ್ಲಿ ಹೂಳುತ್ತಿದ್ದರು. ಟಪ್ ಅಂದ ಕೂಡಲೇ ಕಡ್ಡಿಯಲ್ಲಿ ಕೆದಕಿ ತೆಗೆಯುವುದಕ್ಕೆ ಮಕ್ಕಳಲ್ಲಿ ಜಗಳ. ಅಷ್ಟು ಹೊತ್ತಿಗೆ ಅಪ್ಪ ಅಡಿಕೆ ತೋಟದಿಂದ ಬರುತ್ತಿದ್ದರು, ಮೈಲುತುತ್ತದ ನೀಲಿ ಕೈಮೇಲೆಲ್ಲ. ಕೊಳೆರೋಗಕ್ಕೆ ಹೊಡೆಯುವ ಆ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಕತ್ತಿಯ ಅಲಗನ್ನು ಅದ್ದಿ ತೆಗೆದು, ಕೆಂಪು ಹಿಡಿದರೆ "ಸುಣ್ಣ ಸಾಲದು" ಅನ್ನುತ್ತಿದ್ದರು. ಆ ಕತ್ತಿ ಹಿಡಿದು ನೋಡುವ ಕೆಲಸ ನನಗೆ ಸಿಕ್ಕ ದಿನ ನಾನು ದೊಡ್ಡವನಾದೆ ಅನಿಸಿತ್ತು. ಈಗಲೂ ಹಲಸಿನ ಬೀಜ ಸುಟ್ಟ ವಾಸನೆ ಬಂದರೆ ಅಜ್ಜಿ ಅಲ್ಲೇ ಮಣೆ ಮೇಲೆ ಕೂತಿದ್ದಾರೆ ಅನಿಸುತ್ತದೆ.

ನಿಮಗೆ ಇಲ್ಲಿ ಹಳ್ಳಿ ಮನೆ ಇಲ್ಲ, ನಿಜ. ಊರಿನಲ್ಲೂ ಬೇಕಾದಷ್ಟಿದೆ. ಬೆಳಗ್ಗೆ ತುಂಗೆ ಕಡೆ ನಡೆಯಿರಿ. ಮಳೆ ಜೋರಾದಾಗ ಕೋರ್ಪಲಯ್ಯ ಛತ್ರದ ಹತ್ತಿರದ ಹೊಳೆ ಮಂಟಪ ಎಷ್ಟು ಮುಳುಗಿದೆ ಅಂತ ನೋಡಲು ಜನ ಸೇರುತ್ತಾರೆ. ಗಾಜನೂರಿನ ತುಂಗಾ ಅಣೆಕಟ್ಟಿನಲ್ಲಿ ಗೇಟು ತೆಗೆದರು ಅಂದರೆ ಊರಿಗೆ ಊರೇ ಅದನ್ನೇ ಮಾತಾಡುತ್ತದೆ. ನನ್ನ ಮಗಳಿಗೆ ಆ ಮಂಟಪ ನೋಡದಿದ್ದರೆ ಜುಲೈ ಕಳೆದ ಹಾಗೇ ಇಲ್ಲ. ಯಾರ ಜೊತೆಗಾದರೂ ನಿಂತು ಸುಮ್ನೆ ಎರಡು ಮಾತಾಡಿ, ಪರಿಚಯ ಆಗೋದು ಹಾಗೇ ಅಲ್ವಾ.

ರಜೆ ಸಿಕ್ಕರೆ ತೀರ್ಥಹಳ್ಳಿ ಬಸ್ಸು ಹತ್ತಿ ಮಂಡಗದ್ದೆಯಲ್ಲಿ ಇಳಿಯಿರಿ, ಸುಮಾರು 30 ಕಿ.ಮೀ. ಹೊಳೆ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮಳೆಗಾಲದಲ್ಲಿ ಗೂಡು ಕಟ್ಟುತ್ತವೆ. ರಸ್ತೆ ಬದಿಯಿಂದಲೇ ಕಾಣುತ್ತದೆ. ಸಕ್ರೆಬೈಲು ಆನೆ ಬಿಡಾರ ಅದೇ ದಾರಿಯಲ್ಲಿದೆ, ಬೆಳಗ್ಗೆಯೇ ಹೋಗಬೇಕು. ಕವಲೇದುರ್ಗದ ಕೋಟೆಯನ್ನು ಮಾತ್ರ ಮಳೆ ಕಡಿಮೆಯಾದ ಮೇಲೆ ಇಟ್ಟುಕೊಳ್ಳಿ. ಗದ್ದೆ ದಾಟಿ ಕೆಳದಿ ಅರಸರ ಕಾಲದ ಕಲ್ಲುಹಾಸಿನ ಮೇಲೆ ಹತ್ತುವ ದಾರಿ ಅದು, ಈಗ ಪಾಚಿಗೆ ಜಾರುತ್ತದೆ.

ಅಕ್ಟೋಬರ್ ಹೊತ್ತಿಗೆ ಸೀಗೆ ಹುಣ್ಣಿಮೆ ಬರುತ್ತದೆ, ನಾವು ಭೂಮಿ ಹುಣ್ಣಿಮೆ ಅನ್ನುತ್ತೇವೆ. ಗದ್ದೆಯಲ್ಲಿ ಭತ್ತ ಹೊಡೆ ಬರುವ ಸಮಯ. ಹಿಂದಿನ ರಾತ್ರಿಯಿಡೀ ಮನೆಯವರು ನಿದ್ದೆಗೆಟ್ಟು ಬೆರಕೆ ಸೊಪ್ಪು, ಕಡುಬು, ಪಾಯಸ ಮಾಡುತ್ತಾರೆ. ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು, ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗಿ ಭೂಮಿಗೆ ಚರಗ ಚೆಲ್ಲುತ್ತಾರೆ. ಭೂಮಿ ಆಗ ಬಸುರಿ ಅಂತ ನಮ್ಮ ನಂಬಿಕೆ, ಅವಳಿಗೆ ಬಡಿಸುವ ಸೀಮಂತದ ಊಟ ಅದು. ಇಡೀ ವರ್ಷದಲ್ಲಿ ನನಗೆ ಅತಿ ಇಷ್ಟದ ಬೆಳಗು ಅದೇ. ಆಫೀಸಿನವರು ಯಾರಾದರೂ "ನಮ್ಮನೆ ಹಬ್ಬಕ್ಕೆ ಬನ್ನಿ" ಅಂದರೆ ರಜೆ ಹಾಕಿಯಾದರೂ ಹೋಗಿ, ಹಿಂದಿನ ರಾತ್ರಿಯೇ ಹೋಗಿ ಸೊಪ್ಪು ಸೋಸಲು ಕೂತುಕೊಳ್ಳಿ. ಟಾರ್ಚು ತಗೊಂಡು ಹೋಗಿ. ಬೂಟು ಬೇಡ, ಗದ್ದೆಯ ಅಂಚಿನ ಮೇಲೆ ಬರಿಗಾಲೇ ಸರಿ.