ಕುತ್ತಿಗೆ ಸುತ್ತ ಏಳೆಂಟು ನರಹುಲಿ ಇವೆ, ಮೆತ್ತಗೆ, ತೊಟ್ಟಿನಿಂದ ಜೋತಾಡುತ್ತವೆ. ದಾರ ಕಟ್ಟಿದರೆ ತಾನೇ ಉದುರುತ್ತಾ?

ಕಟ್ಟಬೇಡಿ. ನಾನು ಕಟ್ಟಿದ್ದೆ, ಅದೂ ದಾರ ಅಲ್ಲ, ಕುದುರೆ ಬಾಲದ ಕೂದಲು.

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಕುತ್ತಿಗೆ ಸುತ್ತ ನಿಮ್ಮ ಹಾಗೇ ಏಳೆಂಟು ಇದ್ದವು. ಅದರಲ್ಲಿ ಒಂದು ಜೋಳದ ಕಾಳಿನಷ್ಟು ದಪ್ಪ, ಕಾಲರಿಗೆ ತಾಗಿ ಉರಿಯುತ್ತಿತ್ತು. ನಮ್ಮ ಸೋದರಮಾವ ಮದುವೆ ಮೆರವಣಿಗೆಗೆ ಬಂದಿದ್ದ ಕುದುರೆಯ ಬಾಲದಿಂದ ಒಂದೆಳೆ ಕಿತ್ತು ತಂದುಕೊಟ್ಟರು.

ಕನ್ನಡಿ ನೋಡಿಕೊಂಡು ಒಬ್ಬನೇ ಕಟ್ಟಿದೆ. ಕುತ್ತಿಗೆ ಪಕ್ಕಕ್ಕೆ ಕೈ ಸರಿಯಾಗಿ ತಿರುಗಲ್ಲ ಅಲ್ವಾ, ಗಂಟು ಸಡಿಲ ಬಿತ್ತು. ಅದಕ್ಕೆ ಹೋಗುವ ರಕ್ತ ಅರ್ಧ ನಿಂತು ಅರ್ಧ ಹರಿಯುತ್ತಲೇ ಇತ್ತು. ಮರುದಿನ ಊದಿ ನೇರಳೆ ಹಣ್ಣಿನ ಬಣ್ಣಕ್ಕೆ ಬಂತು. ಒಣಗ್ತಾ ಇದೆ ಅಂದುಕೊಂಡೆ. ಏಪ್ರಿಲ್ ಬಿಸಿಲು, ಬೆವರು, ತೌಡಿನ ಧೂಳು, ಸಾಲದ್ದಕ್ಕೆ ಹೆಗಲ ಮೇಲಿನ ಟವಲು ಬೇರೆ ಉಜ್ಜೋದು. ಮೂರನೇ ದಿನ ತಡೆಯಲಾರದೆ ಎಳೆದುಬಿಟ್ಟೆ. ಅರ್ಧ ಮಾತ್ರ ಕಿತ್ತು ಬಂತು. ರಕ್ತ ನಿಲ್ಲಲಿಲ್ಲ ಅಂತ ಎಲೆಯಡಿಕೆ ಡಬ್ಬಿಯ ಸುಣ್ಣ ಮೆತ್ತಿದೆ. ಬಾಯಿಗೆ ಜಾಸ್ತಿಯಾದರೆ ನಾಲಿಗೆ ಸುಡುವ ಸುಣ್ಣ, ಹಸಿ ಗಾಯಕ್ಕೆ! ವಾರದೊಳಗೆ ಕೀವು, ಜ್ವರ.

ಚರ್ಮದ ಡಾಕ್ಟರು ಗಾಯ ತೊಳೆಸಿ, ಕತ್ತಿನ ಹಿಂಬದಿ ನೋಡಿ, "ಮನ್ಯಾಗ ಯಾರಿಗಾದ್ರೂ ಶುಗರ್ ಐತೇನ್ರಿ?" ಅಂದರು. ಅಲ್ಲಿ ಚರ್ಮ ದಪ್ಪಗೆ, ಕಪ್ಪಗೆ ಆಗಿತ್ತು, ಅದು ಶುಗರಿನ ಸುಳಿವೂ ಇರಬಹುದಂತೆ. ಬಿಸಿಲಿನ ಕಪ್ಪು ಅಂದುಕೊಂಡು ವರ್ಷಗಟ್ಟಲೆ ನಿಂಬೆಹಣ್ಣು ತಿಕ್ಕಿದ್ದೆ ನಾನು. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಟೆಸ್ಟ್ ಮಾಡಿಸಿದರೆ 8.4. ಅದು 6.5 ಮುಟ್ಟಿದರೇ ಸಕ್ಕರೆ ಕಾಯಿಲೆ. ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು.

ಅದಕ್ಕೇ, ಹೇಗೆ ಉದುರಿಸೋದು ಅನ್ನುವ ನಿಮ್ಮ ಪ್ರಶ್ನೆ ನನಗೆ ಹಿಡಿಸಲಿಲ್ಲ. ನೀವು ಬರೆದಿರೋದು ನೋಡಿದರೆ ಅದು ನರಹುಲಿಯೇ ಅಲ್ಲ ಅನ್ನಿಸುತ್ತದೆ. ನರಹುಲಿ ವೈರಸ್ಸಿನದು, ಒರಟು, ಹರಡುತ್ತದೆ. ನಿಮ್ಮದು ಮೆತ್ತಗಿದೆ, ತೊಟ್ಟಿನಿಂದ ಜೋತಾಡುತ್ತದೆ ಅಂತೀರಿ. ಅದು ಸ್ಕಿನ್ ಟ್ಯಾಗ್ ಇರಬೇಕು. ಕತ್ತು, ಕಂಕುಳು, ತೊಡೆಸಂದಿಯಂಥ ಉಜ್ಜುವ ಜಾಗದಲ್ಲಿ ಬರುತ್ತದೆ. ತೂಕ ಜಾಸ್ತಿ ಇದ್ದವರಿಗೆ, ಗರ್ಭಿಣಿಯರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಹೆಚ್ಚು. ಅದರಿಂದ ಅಪಾಯ ಇಲ್ಲ. ಕಾಟ ಕೊಡದಿದ್ದರೆ ಸುಮ್ನೆ ಬಿಟ್ಟುಬಿಡಿ. ಟ್ಯಾಗ್ ಇದ್ದವರಿಗೆಲ್ಲ ಶುಗರ್ ಇರುತ್ತದೆ ಅಂತಲ್ಲ, ಆದರೆ ಕತ್ತೂ ಕಪ್ಪಾಗಿದ್ದರೆ ನಾಳೆಯೇ ಶುಗರ್ ಟೆಸ್ಟಿಗೆ ರಕ್ತ ಕೊಟ್ಟು ಬನ್ನಿ. ಬಣ್ಣ ಬದಲಾದರೆ, ಗಟ್ಟಿಯಾದರೆ, ಬೇಗ ಬೆಳೆದರೆ, ತಾನಾಗೇ ರಕ್ತ ಬಂದರೆ ಡಾಕ್ಟರಿಗೆ ತೋರಿಸಿ, ಅದು ಬೇರೆ ಏನೋ ಇರಬಹುದು. ಕಣ್ಣಿನ ರೆಪ್ಪೆ ಮೇಲಿನದನ್ನಂತೂ ಮುಟ್ಟಲೇಬೇಡಿ. ಟ್ಯಾಗ್ ಉದುರಿಸುತ್ತೆ ಅಂತ ಆನ್‌ಲೈನಿನಲ್ಲಿ ಮಾರುವ ಕ್ರೀಮು ನನ್ನ ಲೆಕ್ಕದಲ್ಲಿ ಡಬ್ಬಿ ಬದಲಾದ ಸುಣ್ಣ, ಅಷ್ಟೆ.

ನನ್ನ ಉಳಿದರ್ಧವನ್ನು ಡಾಕ್ಟರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕರೆಂಟಿನಲ್ಲಿ ಸುಟ್ಟು ತೆಗೆದರು, ಐದು ನಿಮಿಷದ ಕೆಲಸ. ಮಾವ ಮಾತ್ರ ಇವತ್ತಿಗೂ, ಗಂಟು ಬಿಗಿ ಆಗಿದ್ದರೆ ಬಿದ್ದೇ ಬೀಳ್ತಿತ್ತು ಅಂತಾರೆ.