ಬ್ಯಾಲೆ ಉತ್ಸವಕ್ಕೆ ಯಾವ ಟಿಕೆಟ್ ತಗೊಳ್ಳೋದು?

ಪ್ರಶ್ನೆ: ಕ್ಲಾಸಿಕಲ್ ಬ್ಯಾಲೆ ಫೆಸ್ಟಿವಲ್ ಒಂದು ಸಲ ನೋಡ್ಬೇಕು ಅಂತ ಎಷ್ಟೋ ದಿನದಿಂದ ಆಸೆ, ಆದ್ರೆ ಟಿಕೆಟ್ ರೇಟ್ ನೋಡಿ ಎದೆ ಧಸಕ್ ಅಂತು. ಮುಂದಿನ ಸಾಲಿನ ಒಂದು ಸೀಟಿನ ದುಡ್ಡಲ್ಲಿ ಮೇಲಿನ ಬಾಲ್ಕನಿಲಿ ನಾಲ್ಕು ಜನ ಕೂತು ನೋಡ್ಬಹುದು. ಯಾಕಿಷ್ಟು ದುಬಾರಿ? ಮುಂದೆ ಕೂತ್ರೇನೇ ನೋಡಿದ ಹಾಗಾ?

ಉತ್ತರ: ಸೀಟಿನ ವಿಷ್ಯ ಮೊದ್ಲು ಹೇಳ್ಬಿಡ್ತೀನಿ, ನಿಮ್ಮ ದುಡ್ಡು ಉಳಿಯೋದು ಅಲ್ಲೇ. ಬ್ಯಾಲೆಗೆ ಮುಂದಿನ ಸಾಲು ಬೇಡ. ಸ್ಟೇಜ್ ಎತ್ತರದಲ್ಲಿರತ್ತೆ, ತೀರಾ ಮುಂದೆ ಕೂತ್ರೆ ಎಷ್ಟೋ ಥಿಯೇಟರ್‌ಗಳಲ್ಲಿ ಪಾದಾನೇ ಸರಿಯಾಗಿ ಕಾಣಲ್ಲ. ಮೇಲಿನ ಬಾಲ್ಕನಿಲಿ ನಡುಭಾಗದ ಸೀಟ್ ತಗೊಂಡು 'ಲಾ ಬಯಾದೇರ್' ನೋಡಿ. 1877ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮಾರಿಯುಸ್ ಪೆಟಿಪಾ ಕಟ್ಟಿದ ಬ್ಯಾಲೆ ಇದು, ಕಥೆ ನಡೆಯೋದು ಅವರು ಕಲ್ಪಿಸ್ಕೊಂಡ ಭಾರತದಲ್ಲಿ, ನಾಯಕಿ ನಿಕಿಯಾ ದೇವಸ್ಥಾನದ ನರ್ತಕಿ. ಅದ್ರಲ್ಲಿ ನೆರಳುಗಳ ಲೋಕ ಅಂತ ಒಂದು ದೃಶ್ಯ ಬರತ್ತೆ. ಬಿಳಿ ಬಟ್ಟೆಯ ಹುಡುಗೀರು ಒಬ್ಬೊಬ್ಬರಾಗಿ ಇಳಿಜಾರಿನ ಮೇಲಿಂದ ಇಳ್ದು ಬರ್ತಾರೆ, ಎಲ್ಲರದ್ದೂ ಅದೇ ಹೆಜ್ಜೆ, ಒಂದು ಕಾಲು ಹಿಂದಕ್ಕೆ ಎತ್ತಿ ಮುಂದಕ್ಕೆ ಬಾಗೋದು, ಆಮೇಲೆ ಮೈ ಹಿಂದಕ್ಕೆ ಬಾಗಿಸೋದು, ಮತ್ತೆ ನಡೆಯೋದು. ಈ ದೃಶ್ಯಕ್ಕೆ 32 ಜನರನ್ನ ಇಳಿಸೋ ತಂಡದಲ್ಲಿ ಕೊನೆಯೋಳು ಇಳಿಯೋ ಹೊತ್ತಿಗೆ ಮೊದ್ಲು ಬಂದೋಳು ಆ ಹೆಜ್ಜೆನ ಮೂವತ್ತಕ್ಕೂ ಹೆಚ್ಚು ಸಲ ಹಾಕಿರ್ತಾಳೆ, ಒಬ್ಬಳ ಕಾಲು ನಡುಗಿದ್ರೂ ಇಡೀ ಸಾಲು ಕೆಟ್ಟೋಗತ್ತೆ. ಕೆಳಗಿಂದ ನೋಡಿದ್ರೆ ಬರೀ ಮೊದಲ ಸಾಲಿನವರು, ಅವರ ಹಿಂದೆ ತಲೆಗಳು. ಮೇಲಿಂದ ಆ ಬಿಳಿ ಸಾಲು ಹಾವಿನ ಹಾಗೆ ಸ್ಟೇಜ್ ಪೂರ್ತಿ ಹರ್ಕೊಂಡು ಬಂದು ಕೊನೆಗೆ ಅಚ್ಚುಕಟ್ಟಾಗಿ ಸಾಲುಸಾಲಾಗಿ ನಿಲ್ಲೋದು ಕಾಣತ್ತೆ, ನನಗಂತೂ ಪ್ರತಿ ಸಲ ಗಂಟಲು ಕಟ್ಟತ್ತೆ.

ಒಂದೇ ಎಚ್ಚರಿಕೆ, ಕುದುರೆ ಲಾಳದ ಆಕಾರದ ಹಳೇ ಥಿಯೇಟರ್‌ಗಳಲ್ಲಿ ಸೈಡ್ ಸೀಟ್ ಅಗ್ಗ ಅಂತ ತಗೋಬೇಡಿ, ಸ್ಟೇಜಿನ ಒಂದು ಮೂಲೆ ಪೂರ್ತಿ ಮರೆಯಾಗ್ಬಹುದು.

ಇನ್ನು ರೇಟು. 1966ರಲ್ಲೇ ವಿಲಿಯಂ ಬೌಮೋಲ್, ವಿಲಿಯಂ ಬೋವೆನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನ ಬಿಡಿಸಿ ಹೇಳಿದ್ರು. ಫ್ಯಾಕ್ಟರಿಲಿ ಮೆಷಿನ್ ಬಂದ ಮೇಲೆ ಒಬ್ಬ ಮಾಡೋ ಕೆಲಸ ಹತ್ತು ಪಟ್ಟಾಗತ್ತೆ, ಆದ್ರೆ ನಾಲ್ಕು ಜನ ಸೇರಿ ನುಡಿಸೋ ಸಂಗೀತಕ್ಕೆ ನೂರು ವರ್ಷದ ಹಿಂದೆ ಎಷ್ಟು ಜನ, ಎಷ್ಟು ಹೊತ್ತು ಬೇಕಿತ್ತೋ ಇವತ್ತೂ ಅಷ್ಟೇ ಬೇಕು, ಸಂಬಳ ಮಾತ್ರ ಉಳಿದೋರ ಜೊತೆಗೆ ಏರ್ತಾ ಹೋಗತ್ತೆ. ಬ್ಯಾಲೆನೂ ಹಾಗೇ, 'ಸ್ವಾನ್ ಲೇಕ್'ಲಿ ಕುಣಿಯೋ ಹಂಸಗಳ ಸಂಖ್ಯೆ ಅರ್ಧ ಮಾಡಿದ್ರೆ ಅದು ಆ ಬ್ಯಾಲೆನೇ ಅಲ್ಲ. ಕಾಲ್ಬೆರಳ ತುದಿಲಿ ನಿಲ್ಲೋಕೆ ಹಾಕೋ ಪಾಯಿಂಟ್ ಶೂ ಒಂದನ್ನೇ ತಗೊಳ್ಳಿ. ತುದಿಲಿ ಬಟ್ಟೆ, ಕಾಗದ, ಅಂಟು ಪದರಪದರವಾಗಿ ಹಾಕಿ ಗಟ್ಟಿ ಮಾಡಿರ್ತಾರೆ, ಡ್ಯಾನ್ಸರ್ ಅದನ್ನ ತಂದು ಸದ್ದು ಬರದೆ ಇರ್ಲಿ ಅಂತ ನೆಲಕ್ಕೆ ಕುಟ್ಟಿ ಮೆತ್ತಗೆ ಮಾಡ್ಕೊಂಡು, ರಿಬ್ಬನ್ ತಾನೇ ಕೂತು ಹೊಲ್ಕೊಳ್ತಾಳೆ. ಮುಖ್ಯ ಪಾತ್ರದವಳಿಗೆ ಒಂದೇ ಶೋದಲ್ಲಿ ಒಂದು ಜೊತೆ ಮುಗ್ದೋಗೋದು ಮಾಮೂಲು, ಬೆವರಿಗೆ ಆ ಅಂಟೆಲ್ಲಾ ಕರಗಿಹೋಗತ್ತೆ.

ಹಾಗಂತ ದುಬಾರಿ ಇರ್ಲೇಬೇಕು ಅಂತಲ್ಲ. ನ್ಯೂಯಾರ್ಕ್ ಸಿಟಿ ಸೆಂಟರ್ ಅನ್ನೋ ಥಿಯೇಟರ್ 2004ರಲ್ಲಿ 'ಫಾಲ್ ಫಾರ್ ಡ್ಯಾನ್ಸ್' ಫೆಸ್ಟಿವಲ್ ಶುರು ಮಾಡಿದಾಗ ಟಿಕೆಟ್ಟು 10 ಡಾಲರ್ ಇತ್ತು. ವಿಯೆನ್ನಾ ಸ್ಟೇಟ್ ಒಪೆರಾದಲ್ಲಿ ನಿಂತು ನೋಡೋರಿಗೆ ಬೇರೆ ಜಾಗ, ಬೇರೆ ಅಗ್ಗದ ಟಿಕೆಟ್ ಇದೆ. ಆಯೋಜಕರಿಗೆ ಮನಸ್ಸಿದ್ರೆ ದಾರಿ ಇದ್ದೇ ಇದೆ, ಅದಕ್ಕೇ ನಾನು ಯಾವುದೇ ಫೆಸ್ಟಿವಲ್ಲಿಗೆ ಹೋಗೋ ಮುಂಚೆ ನೋಡೋದು ಅತಿ ಕಡಿಮೆ ರೇಟಿನ ಸೀಟ್ ಎಷ್ಟಿದೆ, ಎಲ್ಲಿದೆ ಅಂತ.

ಪ್ರಶ್ನೆ: ಪ್ರತಿ ಫೆಸ್ಟಿವಲ್ಲಲ್ಲೂ ಅದೇ 'ಸ್ವಾನ್ ಲೇಕ್', ಅದೇ 'ಜಿಸೆಲ್', ಕೊನೆ ದಿನ ಒಂದು ಗಾಲಾ. ಬೇರೆ ಏನೂ ಇಲ್ವಾ? ಗಾಲಾ ಟಿಕೆಟ್ಟೇ ಎಲ್ಲಕ್ಕಿಂತ ಜಾಸ್ತಿ, ತಗೊಳ್ಳೋದಾ?

ಉತ್ತರ: 'ಸ್ವಾನ್ ಲೇಕ್' ಅಂತ ಬೋರ್ಡ್ ಹಾಕಿದ್ರೆ ಹಾಲ್ ತುಂಬತ್ತೆ, ಜನ ಕೇಳಿರದ ಮೂರು ಸಣ್ಣ ಬ್ಯಾಲೆ ಸೇರಿಸಿ ಒಂದು ಸಂಜೆ ಮಾಡಿದ್ರೆ ತುಂಬೋದು ಕಷ್ಟ, ನಿಜ ಇಷ್ಟೇ. ಆದ್ರೆ ಆ 'ಸ್ವಾನ್ ಲೇಕ್' ಕೂಡ 1877ರಲ್ಲಿ ಮಾಸ್ಕೋದಲ್ಲಿ ಮೊದಲ ಸಲ ಬಂದಾಗ ಅಂಥಾ ಹೆಸರೇನೂ ಮಾಡ್ಲಿಲ್ಲ. ಈಗ ನಾವು ನೋಡೋ ಬಹುಪಾಲು ರೂಪ 1895ರದ್ದು, ಪೆಟಿಪಾ ಮತ್ತು ಲೆವ್ ಇವಾನೋವ್ ಸೇರಿ ಮಾಡಿದ್ದು, ಸರೋವರದ ದೃಶ್ಯಗಳು ಇವಾನೋವ್ ಅವರವು. ಸಂಗೀತ ಬರೆದ ಚೈಕೋವ್‌ಸ್ಕಿ ಅಷ್ಟೊತ್ತಿಗೆ ತೀರ್ಕೊಂಡಿದ್ರು, ತಮ್ಮ ಹಂಸಗಳು ಗೆದ್ದಿದ್ದನ್ನ ನೋಡ್ಲೇ ಇಲ್ಲ. ಯಾರೋ ಎರಡನೇ ಸಲ ಅವಕಾಶ ಕೊಟ್ಟಿದ್ದಕ್ಕೆ ತಾನೆ ಅದು ಉಳ್ಕೊಂಡಿದ್ದು? ಹಾಗಾಗಿ ಐದು ಸಂಜೆಯ ಫೆಸ್ಟಿವಲ್ಲಲ್ಲಿ ಒಂದು ಸಂಜೆನಾದ್ರೂ ಗೊತ್ತಿಲ್ಲದ ಕೃತಿಗೆ ಇಡ್ಲೇಬೇಕು, ಮತ್ತೆ ಆ ಸಂಜೆದೇ ಟಿಕೆಟ್ ಅಗ್ಗ ಇರ್ಬೇಕು, ಆಗ ಜನ ಧೈರ್ಯ ಮಾಡಿ ಬರ್ತಾರೆ.

ಗಾಲಾ ನಿಮ್ಮ ಮೊದಲನೇ ಬ್ಯಾಲೆ ಆಗೋದಾದ್ರೆ ಬೇಡ ಅಂತೀನಿ. ಅಲ್ಲಿ ಬರೋದು ಬೇರೆ ಬೇರೆ ಬ್ಯಾಲೆಗಳಿಂದ ಕಿತ್ತು ತಂದ ಜೋಡಿ ನೃತ್ಯಗಳು, ಹತ್ತತ್ತು ನಿಮಿಷದ್ದು, ಸೆಟ್ ಇರಲ್ಲ, ಕಥೆ ಇರಲ್ಲ. 'ಸ್ವಾನ್ ಲೇಕ್'ಲಿ ರಾಜಕುಮಾರನಿಗೆ ಮೋಸ ಮಾಡೋ ಬ್ಲ್ಯಾಕ್ ಸ್ವಾನ್‌ನ 32 ಫುಎತೆ, ಅಂದ್ರೆ ಒಂದೇ ಕಾಲಲ್ಲಿ ನಿಂತು ಇನ್ನೊಂದು ಕಾಲು ಬೀಸ್ತಾ ತಿರುಗೋದು, ಗಾಲಾದಲ್ಲಿ ಬಂದ್ರೆ ಜನ ಎಣಿಸ್ತಾ ಚಪ್ಪಾಳೆ ಹೊಡೀತಾರೆ. ಪೂರ್ತಿ ಬ್ಯಾಲೆಲಿ ಅದೇ ಸುತ್ತು ರಾಜಕುಮಾರನಿಗೆ ಹಾಕೋ ಬಲೆ, ಒಂದೊಂದು ಸುತ್ತಿಗೂ ಅವನು ಬಿಳಿ ಹಂಸಕ್ಕೆ ಕೊಟ್ಟ ಮಾತು ತಪ್ಪೋ ಹೊತ್ತು ಹತ್ತಿರ ಬರ್ತಿರತ್ತೆ, ನೋಡೋರ ಎದೆ ಡವಡವ ಅನ್ನತ್ತೆ. ನಾಲ್ಕೈದು ಪೂರ್ತಿ ಬ್ಯಾಲೆ ನೋಡಿದ ಮೇಲೆ ಗಾಲಾಗೆ ಹೋಗಿ, ಆಗ ಒಂದೊಂದು ತುಣುಕಿನ ಹಿಂದಿನ ಕಥೆನೂ ನಿಮ್ಮ ಜೊತೆ ಇರತ್ತೆ.

ಪ್ರಶ್ನೆ: ಆರ್ಕೆಸ್ಟ್ರಾ ಇಲ್ದೆ ರೆಕಾರ್ಡಿಂಗ್ ಹಾಕಿ ಮಾಡ್ತಾರೆ, ರೇಟ್ ಮಾತ್ರ ಅಷ್ಟೇ. ಸರಿನಾ?

ಉತ್ತರ: ಸರಿ ಅಲ್ಲ. ಆರ್ಕೆಸ್ಟ್ರಾ ಇದ್ರೆ ವಾದ್ಯಗಾರರನ್ನ ನಡೆಸೋ ಕಂಡಕ್ಟರ್ ಕಣ್ಣು ಸ್ಟೇಜ್ ಮೇಲೇ ಇರತ್ತೆ, ಡ್ಯಾನ್ಸರ್ ತುದಿಗಾಲಲ್ಲಿ ಇನ್ನೊಂದು ಕ್ಷಣ ನಿಲ್ತಾಳೆ ಅನ್ಸಿದ್ರೆ ಆ ಸ್ವರಾನೂ ಅವಳಿಗಾಗಿ ಕಾಯತ್ತೆ. ರೆಕಾರ್ಡಿಂಗ್ ಯಾರಿಗೂ ಕಾಯಲ್ಲ, ಅವಳೇ ಅದರ ಹಿಂದೆ ಓಡ್ಬೇಕು. ಅಷ್ಟು ಜನ ವಾದ್ಯಗಾರರ ಖರ್ಚು ಉಳಿದ ಮೇಲೆ ಟಿಕೆಟ್ಟಲ್ಲೂ ಕಡಿಮೆ ಆಗ್ಬೇಕು, ಬುಕ್ ಮಾಡೋ ಮುಂಚೆ ಫೋನ್ ಮಾಡಿ ಆರ್ಕೆಸ್ಟ್ರಾ ಉಂಟಾ ಅಂತ ಕೇಳಿ. ಹತ್ತು ಜನ ಕೇಳಿದ್ರೆ ಮುಂದಿನ ಸಲ ಅವರೇ ಪೋಸ್ಟರ್ ಮೇಲೆ ಬರೀತಾರೆ.