ಹೆಸರಘಟ್ಟದಲ್ಲಿ ಇರೋದು ಹೇಗಿರುತ್ತೆ?

ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ ಸೈಟ್ ನೋಡಿದ್ದೀವಿ, ಊರು ಹೇಗೆ, ಜನ ಹೊಂದಿಕೊಳ್ತಾರಾ ಅಂತ ಕೇಳಿದ್ದೀರಿ. ನಾನು ಅಲ್ಲೇ ಬೆಳೆದವನು, ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ.

ಮೊದಲು ನೀರಿನ ವಿಷಯ. ಶೇಷಾದ್ರಿ ಅಯ್ಯರ್ ಮೈಸೂರಿನ ದಿವಾನರಾಗಿದ್ದಾಗ, 1894ರಲ್ಲಿ, ಅರ್ಕಾವತಿ ನದಿಗೆ ಅಡ್ಡಲಾಗಿ ಕಟ್ಟಿದ ನಮ್ಮ ಕೆರೆಯಿಂದಲೇ ಬೆಂಗಳೂರಿಗೆ ನಲ್ಲಿ ನೀರು ಹೋಗಿದ್ದು. ಇಟ್ಟಿಗೆ ಕಾಲುವೆಯಲ್ಲಿ ತರಬನಹಳ್ಳಿಗೆ ಹರಿದು, ಸೋಲದೇವನಹಳ್ಳಿಯಲ್ಲಿ ಪಂಪಾಗಿ ಪೇಟೆ ಸೇರುತ್ತಿತ್ತು. ಆಮೇಲೆ ನದಿಯೇ ಸೊರಗಿತು. ಈಗ ಬೇಸಿಗೆ ಬಂದರೆ ನಾವು ಟ್ಯಾಂಕರಿನವನಿಗೆ ಫೋನ್ ಮಾಡುತ್ತೇವೆ. ನಗು ಬರುತ್ತದೆ ಅಲ್ವಾ? ಕೆರೆಗೆ ಚೆನ್ನಾಗಿ ನೀರು ಬಂದ ವರ್ಷ ಮಾತ್ರ ಇಡೀ ಊರು ಏರಿ ಮೇಲೆ ಜಾತ್ರೆಗೆ ಬಂದ ಹಾಗೆ ನಿಂತಿರುತ್ತದೆ.

ಜನರ ಬಗ್ಗೆ ತಿಳಿಯಬೇಕಾದರೆ ಬೆಳಗ್ಗೆ ಆರಕ್ಕೆ ಹಾಲಿನ ಡೈರಿ ಹತ್ತಿರ ಬನ್ನಿ. ಯಾರ ಹಸು ಕರು ಹಾಕಿತು, ಯಾರು ಜಮೀನು ಮಾರಿದರು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲಾ ಕ್ಯಾನು ತುಂಬುವಷ್ಟರಲ್ಲಿ ಗೊತ್ತಾಗುತ್ತದೆ. ನಿಮ್ಮ ಸೈಟಿಗೆ ಎಷ್ಟು ಕೊಟ್ಟಿರಿ ಅನ್ನೋದೂ ಗೊತ್ತಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಊರ ಹಬ್ಬಕ್ಕೆ ಚಂದಾ ಕೇಳಲು ಬಂದರೆ ಸುಮ್ನೆ ಕೊಟ್ಟು, ಆರತಿ ದಿನ ಹೋಗಿ ಊಟ ಮಾಡಿ ಬನ್ನಿ. ಅಷ್ಟು ಮಾಡಿದರೆ ನೀವು ಹೊರಗಿನವರಲ್ಲ.

ಹೊರಗಿನವರು ನಮಗೆ ಹೊಸಬರೂ ಅಲ್ಲ. ಒಡಿಸ್ಸಿ ನರ್ತಕಿ ಪ್ರೊತಿಮಾ ಬೇಡಿ 1990ರಲ್ಲಿ ಇಲ್ಲೇ ನೃತ್ಯಗ್ರಾಮ ಅನ್ನೋ ನೃತ್ಯಶಾಲೆ ಕಟ್ಟಿದರು. ಅಲ್ಲಿ ಮೊದಲು ನಡೆಯುತ್ತಿದ್ದ ವಸಂತಹಬ್ಬದ ರಾತ್ರಿ ಪೇಟೆಯಿಂದ ಬಂದ ಕಾರುಗಳ ಸಾಲು ನೋಡುವುದೇ ನಮಗೆ ಹಬ್ಬವಾಗಿತ್ತು, ಒಡಿಸ್ಸಿ ಅಷ್ಟು ಅರ್ಥವಾಗುತ್ತಿರಲಿಲ್ಲ. ತೋಟಗಾರಿಕೆ ಸಂಶೋಧನಾ ಸಂಸ್ಥೆಯೂ ಇಲ್ಲೇ ಇದೆ. ಅವರ ಅರ್ಕಾ ರಕ್ಷಕ್ ಅನ್ನೋ ಟೊಮೆಟೊ ತಳಿಯ ಹೆಸರು ಕೇಳಿದ್ದೀರಲ್ಲ, ಆ ‘ಅರ್ಕಾ’ ನಮ್ಮ ಅರ್ಕಾವತಿಯದ್ದೇ.

ಕಿರಿಕಿರಿ ಅಂದರೆ ಭಾನುವಾರ. ಹುಲ್ಲುಗಾವಲಿಗೆ ಬೈಕು, ಪ್ರಿ-ವೆಡ್ಡಿಂಗ್ ಶೂಟು, ಡ್ರೋನು. ಹಕ್ಕಿ ನೋಡಲು ಬರುವವರು ಪಾಪ ಸದ್ದಿಲ್ಲದೆ ಕೂತಿರುತ್ತಾರೆ, ಉಳಿದವರು ಬಾಟಲಿ ಬಿಟ್ಟು ಹೋಗುತ್ತಾರೆ. ದನ ಮೇಯಿಸುವವರ ಕಾಲಿಗೆ ಗಾಜು ಚುಚ್ಚುತ್ತದೆ.

ಅಡ್ವಾನ್ಸ್ ಕೊಡುವ ಮುಂಚೆ ಬ್ರೋಕರ್‌ನ ಮಾತು ಬಿಟ್ಟು, ಪಕ್ಕದ ಮನೆಯವರ ಹತ್ತಿರ ಬೋರು ಎಷ್ಟು ಅಡಿ ಅಂತ ಕೇಳಿ. ನಾವು ಎರಡು ಕೊರೆಸಿದೆವು, ಎರಡರಲ್ಲೂ ಬರೀ ಧೂಳು ಬಂತು.